ಬಲಕ್ಕೆ ವಾಲಿದ ಗೋಣು

"ಅಯ್ಯ ನನ್ನ ಕಳಕಪ್ಪಣ್ಣಾ, ಮೊನ್ನಿ ಸಂತ್ಯಾಗ ಬದನಿಕಾಯಿ ಆರಿಸ್ಕೋತ ನಿಂತಿದ್ಯಲ್ಲೋ ಯಣ್ಣಾ..."

ಚೌಡವ್ವನ ದನಿ ಹೊರಗೆ ಬಂದಾಗ ಈಶಪ್ಪ ಸಾಲೆಯ ಬಾಗಿಲಲ್ಲಿ 'ಚಿತ್ರ-ಶಿಲ್ಪ ಪ್ರದರ್ಶನ' ಎಂಬ ಸಡಿಲಾದ ಬೋರ್ಡಿಗೆ ಮತ್ತೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿದ. ಅವನು ಮಾಡಿದ ಅಪ್ಪನ ಮೂರ್ತಿಯ ಮುಂದೆ, ಅವರ ಓಣಿಯ ಚೌಡವ್ವ ಕಾಲು ಚಾಚಿ ಕೂತು ರಾಗ ಎಳೆಯುತ್ತಿದ್ದಳು.

"ಅತ್ತೀ, ಅಪ್ಪ ಅದಾನ! ಮನ್ಯಾಗ ಮಗ್ಗದಾಗ ಕುಂತಾನ!"

ಅಳು ಅರ್ಧಕ್ಕೇ ನಿಂತಿತು. "ಅದಾನ? ಮತ್ತ ಇಲ್ಲಿ ಯಾಕ ಕುಂದ್ರಿಸಿದಿ?"

"ಇದು ಕಲಾ ಅತ್ತಿ."

"ಕಲಾ ಅಲ್ಲ, ನಿನ್ನ ತಲಿ! ಮಾಲಿ ಹಾಕಿದಿ, ದೀಪಾ ಹಚ್ಚಿದಿ, ಬಿಳೇ ಧೋತ್ರ ಹಾಸಿದಿ. ಇಷ್ಟೊತ್ತನ ನಾ ಅತ್ತದ್ದೆಲ್ಲಾ ಹಂಗ ಹ್ವಾತಲ್ಲೋ!"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ದೀಪ ಮುಂಜಾನೆಯ ಉದ್ಘಾಟನೆಗೆ ಹಚ್ಚಿದ್ದು. ಮಾಲೆ, ಹೆಡ್ ಮಾಸ್ತರರು ತಮ್ಮ ಕೊರಳಿನಿಂದ ತೆಗೆದು, ಇಡಲು ಜಾಗ ಕಾಣದೆ ಮೂರ್ತಿಗೆ ಹಾಕಿ ಹೋದದ್ದು. ಬೆಂಚಿನ ಮೇಲಿನ ಮಸಿಯ ಕಲೆ ಕಾಣದಿರಲೆಂದು ಧೋತರ ಹಾಸಿದವನು ಮಾತ್ರ ಈಶಪ್ಪನೇ. ಕೆಳಗೆ ಅವನದೇ ಅಕ್ಷರದ ಚೀಟಿ: 'ನನ್ನ ತಂದೆ, ೧೯೫೭'. ಅದು ಮೂರ್ತಿ ಮುಗಿದ ವರ್ಷ. ಆದರೆ ಗಜೇಂದ್ರಗಡದಲ್ಲಿ ಮನುಷ್ಯನ ಮುಖ ಗೋಡೆಗೋ ಪೀಠಕ್ಕೋ ಏರುವುದು ಅವನು ಹೋದ ಮೇಲೆ. ಇರುವವನಿಗೆ ಹೆಗಲ ಮೇಲಿನ ಮುಖವೊಂದೇ ಸಾಕು. ಮುಂಬಯಿಯಲ್ಲಿ ಐದು ವರ್ಷ ಮಣ್ಣು, ಪ್ಲಾಸ್ಟರು ಕಲಸಿ ಬಂದ ಈಶಪ್ಪ ಇದನ್ನು ಮರೆತಿದ್ದ.

ಎರಡು ಗಂಟೆಯ ಬಸ್ಸಿಗೆ ಧಾರವಾಡದಿಂದ ಆಯ್ಕೆಯ ಸಾಹೇಬರು ಬರುವವರಿದ್ದರು. ಬೆಂಗಳೂರಿನ ದೊಡ್ಡ ಪ್ರದರ್ಶನಕ್ಕೆ ಈ ಭಾಗದಿಂದ ಒಂದೇ ಒಂದು ಕೃತಿ ಹೋಗಬೇಕಿತ್ತು. ಗೋಡೆಯ ಮೇಲೆ ಹತ್ತೊಂಬತ್ತು ಚಿತ್ರಗಳಿದ್ದವು: ಗುಡ್ಡದ ಕೋಟೆ, ಸೂಡಿಯ ಹೊಂಡ, ಶಿರೋಳದ ಹೊಲ. ಅವು ಅಷ್ಟಕ್ಕಷ್ಟೇ ಎಂಬುದು ಬರೆದ ಈಶಪ್ಪನಿಗೇ ಗೊತ್ತಿತ್ತು. ಮೂರ್ತಿಯೊಂದೇ ಬೇರೆ. ಎದೆಯಿಂದ ಮೇಲಷ್ಟೇ ಇದ್ದ ಆ ಆಕೃತಿಯಲ್ಲಿ, ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕೂತು ಎಳೆ ನೋಡಿ ನೋಡಿ ಬಲಕ್ಕೆ ವಾಲಿದ ಅಪ್ಪನ ಗೋಣು ಹಾಗೆಯೇ ಬಂದುಬಿಟ್ಟಿತ್ತು. ಹನ್ನೊಂದು ಸಲ ಒಡೆದಿದ್ದ. ಹನ್ನೆರಡನೆಯ ಸಲ ಒಡೆಯಲು ಕೈ ಏಳಲಿಲ್ಲ.

ಅವನು ಮಾಲೆ ತೆಗೆದು ದೀಪ ಆರಿಸುವುದರೊಳಗೆ ಸುದ್ದಿ ಪೇಟೆ ಮುಟ್ಟಿತ್ತು. ನೂಲಿನ ಅಂಗಡಿಯ ಗುರುಸಂಗಪ್ಪ ಬಂದು, ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು, ಈಶಪ್ಪನ ಭುಜ ಹಿಡಿದ.

"ಹ್ಯಾಂಗಾತಪಾ? ನಿನ್ನಿ ಸಂಜಿಮುಂದ ಬಂದು, ನೂಲು ಚಲೋ ಇಲ್ಲಂತ ಬೈದು ಹ್ವಾದ. ಗಟ್ಟಿ ದನಿ ಇತ್ತು."

"ಅಪ್ಪ ಅದಾನ್ರಿ ಕಾಕಾ."

"ಅದಾನಪಾ, ಅದಾನ. ಎಲ್ಲಾರ ಮನಸಿನ್ಯಾಗೂ ಅದಾನ."

"ಅಲ್ರಿ, ಮನ್ಯಾಗ ಅದಾನ!"

ಗುರುಸಂಗಪ್ಪ ಕರುಣೆಯಿಂದ ತಲೆಯಾಡಿಸಿದ. ತಂದೆ ಹೋದ ದುಃಖಕ್ಕೆ ಹುಡುಗನ ಬುದ್ಧಿ ಜಾರಿದೆ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಇಡೀ ಸಾಲೆಗೆ ಕೇಳಿಸಿತು.

ಸಾಲೆಯ ಜವಾನ ಜಂಗ್ಲಿಸಾಬನಿಗೆ ಇಂಥ ಹೊತ್ತು ಸಿಗುವುದೇ ಅಪರೂಪ. ಬಾಗಿಲಲ್ಲಿ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟು, ಥೇಟ್ ರೋಣದ ಬಸ್ಸಿನ ಕಂಡಕ್ಟರನ ಮೂಗಿನ ದನಿಯಲ್ಲಿ ಕೂಗಿದ: "ಜೀವಂತ, ಜೀವಂತ, ಜೀವಂತ! ಅಳಾವ್ರು ಹಿಂದ ಸರೀರಿ, ನೋಡಾವ್ರು ಮುಂದ ಬರ್ರಿ! ಕಾಯಿ ಒಡಿಯಾವ್ರು ಇಳೀರಿ, ಇಳೀರಿ!"

ಜನ ನಕ್ಕರು. ಈಶಪ್ಪನಿಗೆ ನಗು ಬರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹೋಗುವನು, ಮೂರ್ತಿಗೆ ಯಾರಾದರೂ ಕುಂಕುಮ ಹಚ್ಚಿಯಾರೆಂದು ಓಡಿ ಬರುವನು. ಮೂರನೆಯ ಸಲ ತಿರುಗಿ ಬಂದಾಗ ಅವ್ವ ವೀರವ್ವ ಒಳಗೆ ನಿಂತಿದ್ದಳು. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಿದ್ದಳು. ಅವಳ ಹಿಟ್ಟಿನ ಕೈಯಲ್ಲಿ ಅವನದೇ ಸುತ್ತಿಗೆ ಇತ್ತು.

"ಒಡಿ ಅದನ್ನ."

"ಯವ್ವಾ..."

"ನೀ ಒಡೀತೀಯೋ, ನಾ ಒಡೀಲೋ?"

ಈಶಪ್ಪನಿಗೆ ಕಾರಣ ಗೊತ್ತಿತ್ತು. ಅವಳ ತಮ್ಮ ಹನಮಂತಪ್ಪ ಗದಗಿನಲ್ಲಿ ಫೋಟೋ ತೆಗೆಸಿಕೊಂಡು ಬಂದವನು ತಿಂಗಳು ತುಂಬುವುದರೊಳಗೆ ಜ್ವರದಲ್ಲಿ ಹೋಗಿದ್ದ. ಫೋಟೋ ಮನೆಗೆ ಬಂದದ್ದು ಅವನ ದಿನಕರ್ಮದ ಊಟಕ್ಕೆ ಎಲೆ ಹಾಕಿದ ಹೊತ್ತಿಗೆ. ಅಂದಿನಿಂದ ವೀರವ್ವನ ಗೋಡೆಯ ಮೇಲೆ ಯಾರ ಮುಖವೂ ಏರಿರಲಿಲ್ಲ.

"ಎರಡು ತಾಸು ತಡಿ ಯವ್ವಾ. ಸಾಹೇಬ್ರು ನೋಡಿ ಹೋಗ್ಲಿ."

"ಎರಡು ತಾಸಿನ್ಯಾಗ ಏನರ ಆದ್ರ? ನಿಮ್ಮ ಸಾಹೇಬ ಬಂದು ತಾಳಿ ಕಟ್ಟತಾನೇನ ನನಗ?" ಎಡಗೈ ಕೊರಳಿಗೆ ಹೋಯಿತು, ಕರಿಮಣಿಗಳಿಗೆ ಹಿಟ್ಟು ಅಂಟಿತು. ಅವಳು ಸಿಟ್ಟಿನಲ್ಲಿರಲಿಲ್ಲ. ಹೆದರಿದ್ದಳು. ಅದನ್ನು ಕಂಡು ಈಶಪ್ಪ ಮೂರ್ತಿಗೆ ಅಡ್ಡ ನಿಂತವನು ಅರ್ಧ ಹೆಜ್ಜೆ ಸರಿದ. ಮತ್ತೆ ಅಡ್ಡ ನಿಂತ.

ಆಗ ಬಾಗಿಲಲ್ಲಿ ಜನ ಎರಡು ಭಾಗವಾಯಿತು. ಕಳಕಪ್ಪ ಬಂದ. ಅಂಗಿಯ ಮೇಲೆ ಬಣ್ಣದ ನೂಲಿನ ಚೂರು, ಮುಖದಲ್ಲಿ ನಗು, ಗೋಣು ಬಲಕ್ಕೆ.

"ಏನ್ರಪಾ ಇದು? ಓಣ್ಯಾಗ ಎಲ್ಲಾರೂ ನನ್ನ ನೋಡಿ ಹಾದಿ ಬಿಡಾಕತ್ತಾರ. ಚಾದಂಗಡಿ ಫಕ್ರುಸಾಬ ಅಂತೂ ಕಪ್ಪ ಕೆಡವಿ ಓಡಿಹ್ವಾದ."

ಗುರುಸಂಗಪ್ಪ ಮೆಲ್ಲಗೆ ಟೊಪ್ಪಿಗೆ ಹಾಕಿಕೊಂಡ.

ಕಳಕಪ್ಪನ ಕಣ್ಣು ಬೆಂಚಿನ ಮೇಲೆ ಬಿತ್ತು. ನಗು ಇಳಿಯಿತು. ಮೂರ್ತಿಯ ಸುತ್ತ ಒಂದು ಸುತ್ತು ಬಂದ. ಹೊಸ ಸೀರೆಯ ಸೆರಗು ಮುಟ್ಟುವವನ ಹಾಗೆ ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಮಗ್ಗ ಬಿಟ್ಟು ಹೋದ ಮಗನಿಗೆ ಐದು ವರ್ಷಗಳಿಂದ 'ಉಂಡ್ಯಾ?' ಎಂಬುದರ ಹೊರತು ಏನೂ ಕೇಳದಿದ್ದ ಮನುಷ್ಯ ಅವನು. ಕಳಕಪ್ಪ ಹೆಂಡತಿಯ ಕೈಯ ಸುತ್ತಿಗೆ ನೋಡಿದ, ಮಗನ ಬಾತ ಹೆಬ್ಬೆರಳು ನೋಡಿದ.

"ಯಾರಿಂವ?"

"ನೀನ ಯಪ್ಪಾ."

"ನಾನ? ಈ ಮೂಗು ನಂದೇನ? ನನ್ನ ಗೋಣ ಹಿಂಗ ವಾಲೈತೇನ? ನಾ ನೆಟ್ಟಗ ಅದೀನಿ." ಗೋಣು ವಾಲಿಸಿಕೊಂಡೇ ಹೇಳಿದ. ಜಂಗ್ಲಿಸಾಬ ಕೂಡ ನಗಲಿಲ್ಲ. "ಇಂವ ಮುಂಬೈದಾಂವ ಯಾರೋ. ಏ, ಸುತಗಿ ಕೊಡಿಲ್ಲೆ. ಯಾರದೋ ಮನಿ ಮನಷ್ಯಾನ್ನ ಒಡದು ಪಾಪಾ ಕಟ್ಟಿಕೊಳ್ಳಬ್ಯಾಡ."

ವೀರವ್ವ ಅವನನ್ನು ನೋಡಿದಳು, ಮೂರ್ತಿಯನ್ನು ನೋಡಿದಳು, ತಿರುಗಿ ಅವನನ್ನು ನೋಡಿದಳು. ಸುತ್ತಿಗೆ ಕೊಟ್ಟಳು.

"ಹಂಗಾರ ಆ ಚೀಟಿ ಹರಿ."

ಈಶಪ್ಪ 'ನನ್ನ ತಂದೆ'ಯನ್ನು ಹರಿದು ಜೇಬಿನಲ್ಲಿ ಹಾಕಿಕೊಂಡ.

ಎರಡರ ಬಸ್ಸು ಮೂರಕ್ಕೆ ಬಂತು. ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಹತ್ತೊಂಬತ್ತು ಚಿತ್ರಗಳನ್ನು ಹತ್ತೊಂಬತ್ತು ಹೆಜ್ಜೆಯಲ್ಲಿ ದಾಟಿದರು. ಮೂರ್ತಿಯ ಮುಂದೆ ನಿಂತವರು ಮುಂದೆ ಹೋಗಲೇ ಇಲ್ಲ.

"ಯಾರ್ರೀ ಇವ್ರು? ಹೆಸರ ಹಾಕಿಲ್ಲಲಾ?"

ಕಿಟಕಿಯ ಹತ್ತಿರ ಕಳಕಪ್ಪ ಗುಡ್ಡದ ಕೋಟೆ ನೋಡುತ್ತ ನಿಂತಿದ್ದ. ಬಿಸಿಲು ಅವನ ವಾಲಿದ ಗೋಣಿನ ಮೇಲೇ ಬಿದ್ದಿತ್ತು. ಸಾಹೇಬರ ಕಣ್ಣು ಅತ್ತ ಅವನ ಅಂಗಿಯ ಮೇಲಿನ ನೂಲಿಗೆ ಹೋಯಿತು, ಇತ್ತ ಮೂರ್ತಿಗೆ ಬಂತು. ವೀರವ್ವನ ಕೈ ಕೊರಳಿಗೆ ಏರಿತು.

ಈಶಪ್ಪನ ಬೆರಳು ಜೇಬಿನೊಳಗಿನ ಚೀಟಿಯ ಚೂರನ್ನು ಮಡಚಿತು, ಬಿಚ್ಚಿತು, ಮಡಚಿತು.

"ಯಾರೂ ಅಲ್ರಿ," ಅಂದ.

"ಯಾರೂ ಅಲ್ಲ," ಎಂದು ಸಾಹೇಬರು ಮೆಲ್ಲಗೆ ಹೇಳಿಕೊಂಡು ವಹಿಯಲ್ಲಿ 'ನೇಕಾರ' ಎಂದು ಬರೆದರು. "ಐದರ ಬಸ್ಸಿಗೆ ನನ್ನ ಜೋಡಿನ ಕಳಸ್ರಿ. ಜ್ವಾಕಿಲೆ ಕಟ್ಟಬೇಕ್ರಿ ಮತ್ತ."

ಕಟ್ಟಿಗೆಯ ಪೆಟ್ಟಿಗೆ ತಂದರೂ, ಈಶಪ್ಪನ ಬಾತ ಬೆರಳಿನಲ್ಲಿ ಮೂರ್ತಿಗೆ ಹಗ್ಗ ಬಿಗಿಯಲು ಆಗಲಿಲ್ಲ. "ಸರಿ ಅತ್ತಾಗ. ಗಾಡ್ಯಾಗ ಜಾಗಾ ಹಿಡಿ ಹೋಗು," ಎಂದು ಕಳಕಪ್ಪ ಪೆಟ್ಟಿಗೆಯ ಮುಂದೆ ಕೂತ. ಈಶಪ್ಪ ಬಸ್ಸಿನ ಟಾಪಿನ ಮೇಲೆ ಜಾಗ ಹೇಳಿ ಓಡುತ್ತ ತಿರುಗಿ ಬಂದಾಗ ಸಾಲೆ ಖಾಲಿಯಾಗಿತ್ತು. ಅವ್ವನ ಹಳೆಯ ಸೀರೆಯಲ್ಲಿ ಸುತ್ತಿದ ಮೂರ್ತಿ ಪೆಟ್ಟಿಗೆಯಲ್ಲಿ ಮಲಗಿತ್ತು. ಬೆನ್ನು ಹಾಕಿ ಕೂತಿದ್ದ ಅಪ್ಪ ಹುಲ್ಲು ಹೊಸೆದು ಸಿಂಬೆ ಮಾಡುತ್ತಿದ್ದ. ಮಾಡಿ, ಅಂಗೈಯನ್ನು ತನ್ನ ಗೋಣಿನ ಬಲಗಡೆಗೆ ಇಟ್ಟು ಅಳತೆ ನೋಡಿದ. ಸಿಂಬೆಗೆ ಇನ್ನೊಂದು ಹಿಡಿ ಹುಲ್ಲು ಸುತ್ತಿ, ಮೂರ್ತಿಯ ಗೋಣಿನ ಬಲಕ್ಕೆ ಮೆತ್ತಗೆ ಒತ್ತಿಟ್ಟ.