ಬೇರಿನ ಸಾಕ್ಷಿ

ಮಂಗಳವಾರ ಬೆಳಿಗ್ಗೆ ಬೇರುಗಳನ್ನು ನೋಡಿದ್ದೇ ಪಿತ್ತ ನೆತ್ತಿಗೇರಿತು. ಚೆಂಬೂರಿನ ನಮ್ಮ ಲ್ಯಾಬಿನಲ್ಲಿ ಚೌಕದ ಗಾಜಿನಂಥ ತಟ್ಟೆಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಸಸಿ ಬೆಳೆಸುತ್ತೇವೆ. ನೆಟ್ಟಗೆ ಇಳಿಯಬೇಕಾದ ಬೇರುಗಳೆಲ್ಲ ಅಡ್ಡ ತಿರುಗಿ, ಆಮೇಲೆ ಮೆಟ್ಟಿಲಿನಂತೆ ಮತ್ತೆ ಕೆಳಗಿಳಿದಿದ್ದವು. ಯಾರೋ ತಟ್ಟೆಗಳನ್ನು ಮಗ್ಗುಲಾಗಿಸಿದ್ದರು.

ಸೋಮವಾರ ಜ್ವರವೆಂದು ನಾನು ಮನೆಯಲ್ಲಿದ್ದೆ. ಆ ಕೋಣೆಗೆ ಹೋಗಿದ್ದವಳು ಕಸ ಗುಡಿಸುವ ಸುಂದ್ರವ್ವ ಒಬ್ಬಳೇ.

“ನಿನ್ನಿ ಇವನ್ನ ಮುಟ್ಟಿದ್ಯೋ ಇಲ್ಲೋ? ಖರೇ ಹೇಳ.”

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು, ಅಂದುಕೊಂಡೆ.

“ಮುಟ್ಟೀನ್ರಿ ಅಕ್ಕಾರ. ಅಡ್ಡ ಬಿದ್ದಿದ್ವು. ನಿಂದರಿಸಿ ಇಟ್ಟೆ.”

“ತಾವಾಗೇ ಯಾಕ ಬೀಳ್ತಾವ? ನೀನ ಬೀಳಿಸಿರ್ತಿ!”

ಮುಂದಿನ ಮಾತಿಗೆ ಕಾಯಲಿಲ್ಲ. ಕಸ ಗುಡಿಸುವವರ ಸೂಪರ್‌ವೈಸರ್ ಅನಿಲಕುಮಾರನಿಗೆ ಫೋನ್ ಮಾಡಿದೆ. ನಾಳೆಯಿಂದ ಬರಬೇಡ ಎಂದು ಅವನು ಅವಳಿಗೆ ಹೇಳಿಬಿಟ್ಟ.

ನನ್ನ ಅನುಮಾನ ಅಷ್ಟಕ್ಕೆ ತಣಿಯುವಂಥದ್ದಲ್ಲ. ಪುರಾವೆ ಬೇಕೆಂದು ಬೇರನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಸಸ್ಯದ ಜೀವಕೋಶದೊಳಗೆ ಎಳೆಗಳ ಹಳಿಗಳಿವೆ. ಅವುಗಳ ಮೇಲೆ ಪ್ರೊಟೀನು ಹೊತ್ತ ಪುಟ್ಟ ಚೀಲಗಳ ಓಡಾಟ. ತಟ್ಟೆ ಮಗ್ಗುಲಾದರೆ ಆ ಸರಕು ಹೊಸ ಕೆಳಬದಿಗೆ ತಿರುಗುತ್ತದೆ. ಕೆಳಗಿನ ಕೋಶಗಳು ಗಿಡ್ಡಗೇ ಉಳಿದು, ಮೇಲಿನವು ಉದ್ದವಾಗಿ, ಬೇರು ಬಾಗುತ್ತದೆ. ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ; ಯಾವಾಗ ಬಾಗಿತೆಂಬುದಕ್ಕೆ ಗುರುತಾಗಿ ಉಳಿಯುತ್ತದೆ.

ಬೇರಿನ ತುದಿ ಎಲ್ಲಿಗೆ ಬಂತೆಂದು ದಿನಾ ತಟ್ಟೆಯ ಮೇಲೆ ಪೆನ್ನಿನಿಂದ ಚುಕ್ಕೆ ಇಡುವವಳು ನಾನೇ. ಸುಂದ್ರವ್ವ ಸೋಮವಾರ ಬೀಳಿಸಿದ್ದರೆ ಭಾನುವಾರದ ಚುಕ್ಕೆಯ ಕೆಳಗೆ ಒಂದು ದಿನದ ನೆಟ್ಟನೆಯ ಬೇರು ಇರಬೇಕಿತ್ತು. ಇರಲಿಲ್ಲ. ಎಲ್ಲ ಬೇರುಗಳೂ ಭಾನುವಾರದ ಚುಕ್ಕೆಯಲ್ಲೇ ಅಡ್ಡ ತಿರುಗಿದ್ದವು.

ಭಾನುವಾರ ಲ್ಯಾಬಿಗೆ ಬಂದವಳು ನಾನೊಬ್ಬಳೇ. ಹಾರ್ಬರ್ ಲೈನಿನಲ್ಲಿ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇತ್ತು. ಅದಕ್ಕೆ ಮುಂಚಿನ ಲೋಕಲ್ ತಪ್ಪೀತೆಂದು ಚುಕ್ಕೆ ಇಟ್ಟವಳೇ ತಟ್ಟೆಗಳನ್ನು ಹೇಗೆಂದರೆ ಹಾಗೆ ಮಗ್ಗುಲಾಗಿ ತುರುಕಿ ಓಡಿದ್ದೆ. ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಈಗ ನನ್ನದು. ಬೇರು ಮತ್ತೆ ಕೆಳಗಿಳಿದ ಆ ಎರಡನೆಯ ಬಾಗು, ಸುಂದ್ರವ್ವ ತಟ್ಟೆಗಳನ್ನು ನಿಲ್ಲಿಸಿದ ಹೊತ್ತು.

ಅನಿಲಕುಮಾರನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡು ಗೇಟಿಗೆ ಓಡಿದೆ. ಅವಳು ಯೂನಿಫಾರ್ಮ್ ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದಳು.

“ತಪ್ಪು ನಂದವ್ವಾ. ಬೇರು ನೋಡಿದ ಮ್ಯಾಲೆ ಗೊತ್ತಾತು. ನಾಳೆ ಬಾ.”

ಅವಳು ನನ್ನನ್ನೇ ನೋಡಿದಳು. “ಬೇರು ಹೇಳಿದ್ದು ನಂಬಿದ್ರಿ. ನಾ ಹೇಳಿದ್ದು ನಂಬಲಿಲ್ಲ ನೋಡ್ರಿ.”

ಯೂನಿಫಾರ್ಮನ್ನು ನನ್ನ ಕೈಗಿಟ್ಟು ಸ್ಟೇಷನ್ನಿನ ಕಡೆ ನಡೆದಳು.