ದೀಪ ದೊಡ್ಡದಾಯಿತು

ಮಿಯಾಪುರದ ನಮ್ಮ ವೃದ್ಧಾಶ್ರಮ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಹಾಕಿದ ಒಗ್ಗರಣೆಗೆ ಆ ತುದಿಯವರು ಮರುದಿನ ಸೀನುತ್ತಾರೆ. ಇಂಥ ಕಟ್ಟಡದ ಕರೆಂಟ್ ಬಿಲ್ಲು ಇಳಿಸಲು ಮ್ಯಾನೇಜರ್ ನಿಶಾಂತ ಗೋಡೆಯ ಸ್ವಿಚ್ಚುಗಳನ್ನೆಲ್ಲ ಕೀಳಿಸಿ, ಪ್ರತಿ ಕೋಣೆಯ ಚಾವಣಿಗೂ ಒಂದೊಂದು ಸೆನ್ಸರ್ ಕೂರಿಸಿದ. ಯಾರಾದರೂ ಅಲುಗಾಡಿದರೆ ಲೈಟು, ಫ್ಯಾನು ಚಾಲೂ. ಹತ್ತು ನಿಮಿಷ ಅಲುಗಾಟವಿಲ್ಲದಿದ್ದರೆ ಕೋಣೆ ಖಾಲಿ ಎಂದು ತಿಳಿದು ಎರಡೂ ಬಂದ್.

ವಿದ್ಯುತ್ ಇಲಾಖೆಯಲ್ಲಿದ್ದು ಅರ್ಧ ಹೈದರಾಬಾದಿಗೆ ನಾನೊಬ್ಬನೇ ಬೆಳಕು ಕೊಟ್ಟವನು; ಪರಮೇಶ ಅಂದರೆ ಕಂಬಗಳೂ ಎದ್ದು ನಿಲ್ಲುತ್ತಿದ್ದವು. ಈಗ ಕೈ ಬೀಸಿದರೆ ಫ್ಯಾನು ಆಳಿನಂತೆ ಓಡುತ್ತಿತ್ತು. ಆದರೆ ಪಕ್ಕದ ಕೋಣೆಯ ಚಂದ್ರಾಮನಿಗೆ ಲಕ್ವಾ ಹೊಡೆದಿತ್ತು. ಅಲುಗುತ್ತಿದ್ದದ್ದು ಕಣ್ಣು ಮತ್ತು ಅರ್ಧ ನಾಲಿಗೆ. ಸೆನ್ಸರಿನ ಪಾಲಿಗೆ ಅವನು ಇರಲೇ ಇಲ್ಲ. ಮೇ ತಿಂಗಳು, ಗೋಡೆಗೆ ಬಡಿದರೆ ರೊಟ್ಟಿ ಬೇಯುವಂಥ ಧಗೆ. ಫ್ಯಾನು ನಿಂತಾಗಲೆಲ್ಲ ನಾನು ಹೋಗಿ ಕೈ ಬೀಸುತ್ತಿದ್ದೆ, ದಿನಕ್ಕೆ ಲಕ್ಷ ಸಲ.

ಒಂದು ಮಧ್ಯಾಹ್ನ ನಾನು ಹೀಗೆ ಚಂದ್ರಾಮನ ಕೋಣೆಯಲ್ಲಿದ್ದಾಗ ನಿಶಾಂತ ರೌಂಡಿಗೆ ಬಂದ. ಬೀದರದವರ ಮಗ, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ, ತೆಲುಗು ಹುಡುಗರ ನಡುವೆ.

"ಏನಾರ ತ್ರಾಸ ಐತೇನ್ರಿ ಅಂಕಲ್?"

ಚಂದ್ರಾಮ ಬೆವರುತ್ತ ನಾಲಿಗೆ ಎಳೆದೆಳೆದು ಹೇಳಿದ: "ದೀಪ... ಮತ್ತ ಮತ್ತ... ದೊಡ್ಡದಾಗತೈತಿ."

ನಮ್ಮ ಮನೆಗಳಲ್ಲಿ ದೀಪ ಆರಿತು ಅನ್ನುವುದು ಅಪಶಕುನ. ಆರಿದ್ದಕ್ಕೇ ದೊಡ್ಡದಾಯಿತು ಅನ್ನುತ್ತೇವೆ. ಉಸಿರು ಕಟ್ಟುತ್ತಿದ್ದರೂ ಚಂದ್ರಾಮ ಅಪಶಕುನ ನುಡಿಯುವವನಲ್ಲ.

"ಬೆಳಕು ಭಾಳ ಆಗಾಕತ್ತೈತೇನು? ಹತ್ತು ನಿಮಿಷದ್ದು ಎರಡಕ್ಕ ಇಳಸ್ತೀನಿ ಬಿಡ್ರಿ. ಕರೆಂಟೂ ಉಳಿತೈತಿ."

"ಏ ತಮ್ಮಾ, ದೊಡ್ಡದಾಗೂದಂದ್ರ ಆರೂದೋ! ಫ್ಯಾನ್ ಇಲ್ಲದ ಅಂವಾ ಸಾಯಾಕತ್ತಾನ!" ಎಂದೆ ನಾನು.

ನಿಶಾಂತ ನಕ್ಕ. "ಛೋಡೋ ಅಂಕಲ್. ಹ್ವಾದ ವಾರ ಹುಸೇನ್ ಸಾಗರದಾಗ ಬರೇ ಕೈಲೆ ಮೊಸಳಿ ಹಿಡದಿದ್ದೆ ಅಂದ್ರಿ. ಈಗ ದೊಡ್ಡದಂದ್ರ ಆರೂದು ಅಂತೀರಿ."

"ಮೊಸಳಿ ಸುಳ್ಳು. ಇದು ಖರೆ."

"ಅವತ್ತ ಮೊಸಳಿನೂ ಖರೆನ ಇತ್ತಲ್ರಿ!"

ಚಂದ್ರಾಮ ನನ್ನನ್ನೇ ನೋಡುತ್ತಿದ್ದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಅದಾದ ಮೇಲೆ ಫ್ಯಾನು ಎರಡೆರಡು ನಿಮಿಷಕ್ಕೆ ನಿಲ್ಲತೊಡಗಿತು. ನಾನು ಅವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಗಾಳಿಪಟದವನಂತೆ ಕೈಯಾಡಿಸುತ್ತ ಕೂತೆ. ಒಂದು ದಿನ ಮಾತ್ರ ಕಣ್ಣು ತೋರಿಸಲು ದಿಲ್‌ಸುಖ್‌ನಗರಕ್ಕೆ ಹೋಗಬೇಕಾಯಿತು. ಇಂಥ ಕಣ್ಣು ಹದ್ದಿಗೂ ಇಲ್ಲವೆಂದು ಡಾಕ್ಟರು ನನ್ನ ಕಾಲು ಮುಟ್ಟಿದರು.

ಸಂಜೆ ಬಂದಾಗ ಚಂದ್ರಾಮನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಮುಖ ನೋಡಲು ಬಂದವರ ಜಂಗುಳಿ. ಲೈಟು ಝಗಝಗ, ಫ್ಯಾನು ಭರ್ರೆಂದು ತಿರುಗುತ್ತಿತ್ತು. ತಲೆಯ ಬಳಿ ಇಟ್ಟ ಹಣತೆ ಹಚ್ಚಲು ನಿಶಾಂತ ಕಡ್ಡಿ ಗೀರುತ್ತಿದ್ದ. ಗಾಳಿಗೆ ಒಂದೂ ನಿಲ್ಲುತ್ತಿರಲಿಲ್ಲ.

"ಅರೇ, ಈ ಫ್ಯಾನ್ ಯಾರಾರ ಬಂದ್ ಮಾಡ್ರಿ!"

"ಸ್ವಿಚ್ ಎಲ್ಲೈತೋ ತಮ್ಮಾ?" ಎಂದೆ. "ಎಲ್ಲಾರೂ ಎರಡು ನಿಮಿಷ ಚಂದ್ರಾಮನಂಗ ಬಿದ್ದಿರ್ರಿ. ತಾನ ದೊಡ್ಡದಾಗತೈತಿ."