ಕೆಂಪು ಬಂದೂಕು, ನೀಲಿ ಬಂದೂಕು

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ಶಿವರಾಜು ಇಟ್ಟಿದ್ದ ಗೇಮ್ ಸೆಂಟರಿಗೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಒಂದೇ ಯಂತ್ರಕ್ಕಾಗಿ. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ಹಳೆಯ ಕಾಲದ ದಪ್ಪ ಟಿವಿ, ಮುಂದೆ ವೈರಿನಲ್ಲಿ ತೂಗುವ ಕೆಂಪು ಮತ್ತು ನೀಲಿ ಬಂದೂಕುಗಳು. ಪರದೆಯ ಮೇಲೆ ಓಡುವ ಕಳ್ಳರಿಗೆ ಗುರಿಯಿಟ್ಟು ಒತ್ತಿದರೆ ಅವರು ಉರುಳಬೇಕು. ಈಗ ಯಾರು ಎಷ್ಟು ಒತ್ತಿದರೂ ಒಬ್ಬನೂ ಉರುಳುತ್ತಿರಲಿಲ್ಲ. ಶಿವರಾಜು ಹನೂರಿನ ಟಿವಿ ರಿಪೇರಿ ಷಡಕ್ಷರಿಯವರಿಗೆ ಫೋನ್ ಮಾಡಿದ.

ಷಡಕ್ಷರಿ ಬಂದರು. ಟೂಲ್ ಬ್ಯಾಗು ಮಾತ್ರ ಮಗಳು ಕೋಮಲಳ ಹೆಗಲಲ್ಲಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಲಗೈ ನಡುಗುತ್ತಿತ್ತು. ಅಂಗಡಿಯ ಕೆಲಸವೆಲ್ಲ ಅವಳದೇ ಆಗಿದ್ದರೂ ಜನ ಕೇಳುತ್ತಿದ್ದದ್ದು ಅವರ ಹೆಸರನ್ನೇ.

"ಅಣ್ಣ, ನೀವೇ ವಸಿ ಕೈ ಹಾಕಿ. ಇಂಥ ಮಿಷನ್ನು ಇನ್ನೆಲ್ಲೂ ಸಿಗಾಕಿಲ್ಲ," ಅಂದ ಶಿವರಾಜು.

"ಅವಳು ಮಾಡ್ತಾಳೆ, ಸುಮ್ಕಿರಪ್ಪ," ಎಂದು ಷಡಕ್ಷರಿ ಸ್ಟೂಲ್ ಎಳೆದುಕೊಂಡು ಕೂತರು.

ಬಂದೂಕಿನ ನಳಿಗೆಯೊಳಗೆ ಬೆಳಕು ಹಿಡಿಯುವ ಪುಟ್ಟ ಕಣ್ಣೊಂದು ಇರುತ್ತದೆ. ಒತ್ತಿದ ಗಳಿಗೆಯಲ್ಲಿ ಅದು ಪರದೆಯ ಯಾವ ಜಾಗ ನೋಡುತ್ತಿತ್ತೋ ಅಲ್ಲಿಗೆ ಗುಂಡು ಬಿತ್ತೆಂದು ಲೆಕ್ಕ. ಕೋಮಲ ಎರಡನ್ನೂ ಬಿಚ್ಚಿ ನೋಡಿದಳು. ಕಣ್ಣುಗಳು ಚೆನ್ನಾಗಿದ್ದವು. ಆಡುವವರು ತಿರುಚಿ ತಿರುಚಿ ವೈರು ಒಳಗೇ ತುಂಡಾಗಿತ್ತು. ಹಿಂದೆ ಯಾರೋ ಟೇಪು ಸುತ್ತಿ ಕೆಂಪಿನ ವೈರನ್ನು ನೀಲಿಗೆ, ನೀಲಿಯದನ್ನು ಕೆಂಪಿಗೆ ಸೇರಿಸಿಟ್ಟಿದ್ದರು. ಅವಳು ಎಲ್ಲವನ್ನೂ ಕಿತ್ತು, ಮೈಕ್ ಸೆಟ್ ಅಂಗಡಿಯಿಂದ ಹೊಸ ವೈರು ತಂದು, ಒಂದೊಂದೇ ಎಳೆ ಬೆಸೆದಳು. ಪೆಟ್ಟಿಗೆಯೊಳಗೆ ಬಂದೂಕಿನವು, ಟಿವಿಯವು ಎಲ್ಲ ವೈರುಗಳನ್ನೂ ಒಂದೇ ಕಂತೆ ಮಾಡಿ ಅಚ್ಚುಕಟ್ಟಾಗಿ ಕಟ್ಟಿದಳು. ಹಾಗೆ ಕಟ್ಟುವುದನ್ನು ಕಲಿಸಿದವರು ಷಡಕ್ಷರಿಯೇ.

ಸ್ವಿಚ್ ಹಾಕಿದರು. ಕೆಂಪು ಬಂದೂಕು ಗುರಿ ಇಟ್ಟಲ್ಲಿಗೇ ಹೊಡೆಯಿತು. ನೀಲಿಯದು ಕಳ್ಳನಿಗೆ ಹಿಡಿದರೆ ಆಕಾಶಕ್ಕೆ, ಆಕಾಶಕ್ಕೆ ಹಿಡಿದರೆ ಗೋಡೆಗೆ ಹೊಡೆಯುತ್ತಿತ್ತು.

"ಕಣ್ಣೇ ಓಗೈತೆ ಕಣವ್ವ. ಬೇರೆ ತರಿಸ್ಬೇಕು," ಅಂದರು ಷಡಕ್ಷರಿ.

"ಇಲ್ಲ ಅಪ್ಪ. ಕಣ್ಣು ಸರಿಯಾಗೈತೆ, ಆಗ್ಲೇ ನೋಡಿವ್ನಿ."

ಶಿವರಾಜು ಷಡಕ್ಷರಿಯವರ ಮುಖ ನೋಡಿದ. ಮಗಳಿಗೆ ಎದುರಾಡಲು ಹೊರಟಿದ್ದ ಷಡಕ್ಷರಿ ಸ್ಟೂಲ್ ಹಿಂದಕ್ಕೆಳೆದು ಅವಳಿಗೆ ಜಾಗ ಬಿಟ್ಟರು. ಕೋಮಲ ಪೆಟ್ಟಿಗೆಯ ಹಿಂದೆ ಕೂತು ವೈರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕರೆಂಟ್ ತೆಗೆದು, ತಾನೇ ಕಟ್ಟಿದ್ದ ಕಂತೆಯನ್ನು ಕತ್ತರಿಸಿದಳು. ನೀಲಿಯ ವೈರನ್ನು ಬೇರೆ ಮಾಡಿ, ಪೆಟ್ಟಿಗೆಯ ಇನ್ನೊಂದು ಮಗ್ಗುಲಿನಿಂದ ದೂರವಾಗಿ ತಂದಳು.

"ಕಂತೇಲಿ ಇದೊಂದೇ ಟಿವಿಯ ದಪ್ಪ ವೈರಿಗೆ ಅಂಟ್ಕಂಡಿತ್ತು ಅಪ್ಪ. ಅದರ ಕರೆಂಟಿನ ಗಲಾಟೆಯೆಲ್ಲ ಇದ್ರೊಳಕ್ಕೆ ಬತ್ತಿತ್ತು."

ಮತ್ತೆ ಸ್ವಿಚ್ ಹಾಕಿ ನೀಲಿ ಬಂದೂಕನ್ನು ಅಪ್ಪನ ಕೈಗೆ ಕೊಟ್ಟಳು. ಅವರು ಬಲಗೈಗೆ ಎಡಗೈ ಆಸರೆ ಕೊಟ್ಟು ಹಿಡಿದು ಒತ್ತಿದರು. ಒಬ್ಬ ಕಳ್ಳ ಉರುಳಿದ. ಇನ್ನೊಬ್ಬ ತಪ್ಪಿಸಿಕೊಂಡ; ಅವನನ್ನು ಪಕ್ಕದಿಂದ ಕೆಂಪು ಬಂದೂಕಿನಲ್ಲಿ ಕೋಮಲ ಉರುಳಿಸಿದಳು. ಆಟ ಮುಗಿಯುವವರೆಗೂ ಇಬ್ಬರೂ ಬಂದೂಕು ಕೆಳಗಿಡಲಿಲ್ಲ.

"ನೀವ್ ಹೇಳ್ಕೊಟ್ಟಿದ್ದಲ್ವಾ ಅಣ್ಣ ಎಲ್ಲ," ಅಂದ ಶಿವರಾಜು.

"ನಾನ್ ಹೇಳ್ಕೊಟ್ಟಂಗೆ ಕಟ್ಟಿದ್ದಕ್ಕೇ ಕೆಟ್ಟಿದ್ದು ಕಣಪ್ಪ. ಅದನ್ನ ಹಿಡಿದದ್ದು ಅವಳು. ನಂಗೆ ತಿಳೀಲಿಲ್ಲ." ಇಷ್ಟು ಹೇಳುವಾಗ ಅವರ ಮುಖ ಅರಳಿತ್ತು. ಸೋತೆನೆಂಬ ಭಾವ ಎಲ್ಲೂ ಇರಲಿಲ್ಲ.

ಹನೂರಿನ ಬಸ್ಸಿನಲ್ಲಿ ಷಡಕ್ಷರಿಯವರ ಪಕ್ಕ ಕೂತವನು ಎಲ್ಲಿಗೆ ಹೋಗಿದ್ದಿರಿ ಎಂದಷ್ಟೇ ಕೇಳಿದ್ದ. ಅವರು ಬಂದೂಕಿನ ಕಣ್ಣಿನಿಂದ ಶುರುಮಾಡಿ ಕಂತೆ ಕತ್ತರಿಸಿದ್ದರವರೆಗೆ ಹೇಳುವಷ್ಟರಲ್ಲಿ ಕಾಮಗೆರೆ ಬಂತು, ಅವನು ಇಳಿದ. ಷಡಕ್ಷರಿ ಹಿಂದಿನ ಸೀಟಿನವರತ್ತ ತಿರುಗಿ, "ಇವಳು ನನ್ ಮಗಳು," ಎಂದು ಮೊದಲಿನಿಂದ ಶುರುಮಾಡಿದರು. ಕೋಮಲ ಕೇಳಿಸದವಳಂತೆ ಕಿಟಕಿಯಾಚೆ ನೋಡುತ್ತಾ ಕೂತಳು. ನಗು ಮಾತ್ರ ತಡೆಯಲಾಗಲಿಲ್ಲ.